ಬಡಿಸಿದ್ದೆಷ್ಟು, ಉಂಡದ್ದೆಷ್ಟು

ಸೊಲ್ಲಾಪುರದಿಂದ ಹೈದರಾಬಾದಿಗೆ ಸಾಗುವ ಹೆದ್ದಾರಿಯಲ್ಲಿ ಕರ್ನಾಟಕದ ಗಡಿಯನ್ನು ದಾಟಿದ ಮೇಲೆ ಮೊದಲು ಬಸವಕಲ್ಯಾಣಕ್ಕೆ ತಿರುಗುವ ದಾರಿ ಸಿಗುತ್ತದೆ. ಅಲ್ಲಿಂದ ಒಂದು ಗಂಟೆಯೊಳಗೆ ಹುಮನಾಬಾದ್. 2021ರ ಡಿಸೆಂಬರಿನಲ್ಲಿ ಈ ಹೆದ್ದಾರಿಗೆ ಸಮೀಪದ ಹಳ್ಳಿಯೊಂದರ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಒಬ್ಬ ಹುಡುಗಿ ಹತ್ತು ದಿನ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸಿದಳು. ನಮಗೆ ಪರಿಚಯದ ಕುಟುಂಬದ ಮಗಳು, ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದವಳು ಕ್ರಿಸ್ತಜಯಂತಿಯ ರಜೆಗೆ ಊರಿಗೆ ಬಂದಿದ್ದಳು. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ತಾನಾಗಿಯೇ ಹೋದಳು. ವಿಷಯ ತಿಳಿದ ನಾನು, ಹೋಗುವಾಗ ಮಕ್ಕಳಿಗೆ ಹಂಚಲು ಬಿಸ್ಕತ್ತಿನ ಪೊಟ್ಟಣಗಳನ್ನು ಕೊಡುವೆನೆಂದೆ. ಅವಳು ಬೇಡವೆಂದಳು. "ಫಾದರ್, ಕೊಡೂದಕ್ಕ ಅಲ್ಲಿ ಕಮ್ಮಿ ಇಲ್ಲ. ಬಡಿಸೂದು ಸರಳ ಅದ. ಯಾರು ತಿನ್ನಲಿಲ್ಲ ಅಂತ ನೋಡೂದೇ ಕೆಲಸ."

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಹಸಿದವರಿಗೆ ಉಣಿಸುವುದರ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಕೊಟ್ಟವರ ಚರಿತ್ರೆಯಾಗಿ ಬರೆಯುತ್ತೇವೆ. ಎಷ್ಟು ಕೊಟ್ಟರು, ಆ ಅಳತೆಯನ್ನು ಯಾರು ನಿಶ್ಚಯಿಸಿದರು, ಕೊಟ್ಟದ್ದು ಹೊಟ್ಟೆಗೆ ಇಳಿಯಿತೇ ಎಂಬುದನ್ನು ಕೇಳುವುದಿಲ್ಲ. ಈ ನೆಲದಲ್ಲಂತೂ ಆ ಪ್ರಶ್ನೆ ತೀರ ಹಳೆಯದು.

ಶಾಲೆಯ ಬಿಸಿಯೂಟಕ್ಕೆ ನಮ್ಮ ರಾಜ್ಯ ಇಟ್ಟ ಹೆಸರು 'ಅಕ್ಷರ ದಾಸೋಹ'. ದಾಸೋಹವೆಂಬ ಮಾತಿಗೆ ಇಡೀ ನಾಡಿನಲ್ಲಿ ಅರ್ಥ ತುಂಬಿದ ಊರು ಕಲ್ಯಾಣ, ಇಂದಿನ ಬಸವಕಲ್ಯಾಣ. ಚಾಲುಕ್ಯರ ರಾಜಧಾನಿಯಾಗಿದ್ದ ಈ ಪಟ್ಟಣ 12ನೇ ಶತಮಾನದಲ್ಲಿ ಕಲಚುರಿ ಬಿಜ್ಜಳನ ವಶವಾಯಿತು. ಅವನ ಭಂಡಾರವನ್ನು ನೋಡಿಕೊಳ್ಳುತ್ತಿದ್ದವರು ಬಸವಣ್ಣನವರು. ದಾನವೆಂದರೆ ಮೇಲಿನ ಕೈಯಿಂದ ಕೆಳಗಿನ ಕೈಗೆ ಇಳಿಯುವುದು. ದಾಸೋಹದಲ್ಲಿ ಉಣಿಸುವವನೇ ದಾಸ. ಶರಣರು ಮಾತನ್ನಷ್ಟೇ ಬದಲಿಸಲಿಲ್ಲ, ಪಂಕ್ತಿಯನ್ನೂ ಬದಲಿಸಿದರು. ಯಾರ ಪಕ್ಕದಲ್ಲಿ ಯಾರು ಕುಳಿತು ಉಣ್ಣಬೇಕು ಎಂಬ ಕಟ್ಟುಪಾಡನ್ನು ಮುರಿದದ್ದಕ್ಕೆ ಕಲ್ಯಾಣ ತೆತ್ತ ಬೆಲೆ ಎಲ್ಲರಿಗೂ ಗೊತ್ತಿರುವುದೇ.

ಆ ಕಾಲದ ಶರಣ ದಂಪತಿಗಳ ಕಥೆಯೊಂದನ್ನು ಇಲ್ಲಿ ನೆನೆಯಲೇಬೇಕು. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯಿಂದ ಕಲ್ಯಾಣಕ್ಕೆ ಬಂದವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದನ್ನು ಬೇಯಿಸಿ ಬಂದವರಿಗೆ ಉಣಿಸುವುದು ಇಬ್ಬರ ದಾಸೋಹ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ಹೊತ್ತು ತಂದ. ಲಕ್ಕಮ್ಮ ಮೊರದ ಕಡೆ ನೋಡಿದಳು, ಗಂಡನ ಮುಖ ನೋಡಿದಳು. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸಿದಳು ಎನ್ನುತ್ತದೆ ಪರಂಪರೆ. ಈ ಕಥೆಯನ್ನು ನಾವು ದುರಾಸೆಯ ವಿರುದ್ಧದ ಪಾಠವಾಗಿ ಓದಿಕೊಂಡು ಬಂದಿದ್ದೇವೆ. ಅದು ಸರಿಯೇ. ಆದರೆ ಅಡುಗೆಯ ಮನೆಯ ಕಡೆಯಿಂದ ಓದಿದರೆ ಬೇರೊಂದು ಸಂಗತಿ ಹೊಳೆಯುತ್ತದೆ. ಇಂದು ಎಷ್ಟು ಎಲೆಗಳು ಏಳುತ್ತವೆ, ಎಷ್ಟು ಬೇಯಿಸಬೇಕು ಎಂಬ ಲೆಕ್ಕ ಆ ತಾಯಿಯ ಕೈಯಲ್ಲಿತ್ತು. ಅಳತೆ ಭಂಡಾರದ ಕಡೆಯಿಂದ ಬರಲಿಲ್ಲ, ಉಣ್ಣುವವರ ಕಡೆಯಿಂದ ಬಂತು.

ಭಂಡಾರದ ಕಡೆಯ ಕಥೆಯೂ ಇದೇ ಸೀಮೆಯಲ್ಲಿದೆ. ಬಸವಣ್ಣನವರು ಕಲ್ಯಾಣಕ್ಕೆ ಬರುವ ಮುನ್ನ ಇದ್ದ ಊರು ಮಂಗಳವೇಢೆ, ಇಂದು ಸೊಲ್ಲಾಪುರ ಜಿಲ್ಲೆಗೆ ಸೇರಿದ್ದು. ಮೂರು ಶತಮಾನಗಳ ಬಳಿಕ, ಬೀದರಿನಲ್ಲಿ ಬಹಮನಿ ಸುಲ್ತಾನರು ಆಳುತ್ತಿದ್ದಾಗ, ಅಲ್ಲಿ ದಾಮಾಜಿಪಂತನೆಂಬ ಅಧಿಕಾರಿಯಿದ್ದ. ಭೀಕರ ಬರ ಬಂದು ಜನ ದಾರಿಯಲ್ಲಿ ಬಿದ್ದು ಸಾಯತೊಡಗಿದಾಗ ಅವನು ಅಪ್ಪಣೆಗೆ ಕಾಯದೆ ಸರ್ಕಾರಿ ಕಣಜಗಳ ಬಾಗಿಲು ತೆರೆದ. ಸುಲ್ತಾನನು ಅವನನ್ನು ಹಿಡಿದು ತರಲು ಆಳುಗಳನ್ನಟ್ಟಿದ. ಅವನು ಬೀದರನ್ನು ತಲುಪುವ ಮೊದಲೇ ಪಂಢರಪುರದ ವಿಠ್ಠಲನು ವಿಠು ಎಂಬ ಮಹಾರನ ವೇಷದಲ್ಲಿ ಆಸ್ಥಾನಕ್ಕೆ ಹೋಗಿ, ಧಾನ್ಯದ ಬೆಲೆಯನ್ನು ಹೊನ್ನಿನಲ್ಲಿ ಕಟ್ಟಿ ರಸೀದಿ ಪಡೆದನೆಂಬುದು ವಾರಕರಿ ಭಕ್ತರ ಐತಿಹ್ಯ. ನನಗೆ ಎರಡು ವಿವರಗಳು ಮುಖ್ಯವೆನಿಸುತ್ತವೆ: ಬರಗಾಲದಲ್ಲೂ ಕಣಜ ತುಂಬಿಯೇ ಇತ್ತು, ಸಾಲ ತೀರಿಸಲು ಬಂದವನು, ಊರವರು ಪಂಕ್ತಿಯಿಂದ ಹೊರಗಿಟ್ಟಿದ್ದ ಜಾತಿಯವನ ರೂಪದಲ್ಲಿ ಬಂದ.

ಹುಮನಾಬಾದಿನ ಮಗ್ಗುಲಲ್ಲೇ ಮಾಣಿಕನಗರವಿದೆ. ಬಸವಕಲ್ಯಾಣ ಸೀಮೆಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಎಲ್ಲ ಮತದವರನ್ನೂ ಬಳಿಗೆ ಕರೆದುಕೊಂಡ ಕ್ಷೇತ್ರವದು. ಅನ್ನವನ್ನು ಕುರಿತು ಈ ನಾಡಿಗೆ ಹೊರಗಿನವರು ಬಂದು ಹೊಸದಾಗಿ ಹೇಳಬೇಕಾದದ್ದೇನೂ ಇರಲಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಪ್ರಭುಗಳು 1865ರಲ್ಲಿ ಸಮಾಧಿಸ್ಥರಾಗಿ ಹನ್ನೊಂದು ವರ್ಷಕ್ಕೆ ದಖ್ಖನ್ ಪ್ರಸ್ಥಭೂಮಿ ಹಿಂದೆಂದೂ ಕಾಣದಂಥ ಕ್ಷಾಮಕ್ಕೆ ಸಿಕ್ಕಿತು. 1876ರಿಂದ 1878ರವರೆಗೆ ಮದ್ರಾಸ್, ಮುಂಬಯಿ, ಹೈದರಾಬಾದ್, ಮೈಸೂರು ಯಾವುದೂ ತಪ್ಪಿಸಿಕೊಳ್ಳಲಿಲ್ಲ. ಮೈಸೂರು ಸಂಸ್ಥಾನದ ಜನಗಣತಿಯನ್ನೇ ನೋಡಿ: 1871ರಲ್ಲಿ 50 ಲಕ್ಷ ಮೀರಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ಆಗ ಅಳತೆಯ ಪ್ರಶ್ನೆ ತನ್ನ ಅತ್ಯಂತ ಕ್ರೂರ ರೂಪದಲ್ಲಿ ಎದ್ದಿತು. ಸರ್ಕಾರದ ಪರವಾಗಿ ಬಂದ ಸರ್ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಆಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಅಂದರೆ ಸುಮಾರು 450 ಗ್ರಾಂ, ಮತ್ತು ಚಿಲ್ಲರೆ ಕಾಸು ಸಾಕೆಂದು 1877ರಲ್ಲಿ ಗೊತ್ತುಮಾಡಿದರು. ಬೊಕ್ಕಸ ಉಳಿಯಬೇಕಿತ್ತು. ಮದ್ರಾಸಿನ ನೈರ್ಮಲ್ಯ ಕಮಿಷನರ್ ಡಾ. ಕಾರ್ನಿಷ್ ಅದನ್ನು ಬಲವಾಗಿ ವಿರೋಧಿಸಿದರು. ವೈದ್ಯರಾದ ಅವರು ಕಡತವನ್ನು ಮುಚ್ಚಿಟ್ಟು ಕೂಲಿಗಳ ಶರೀರಗಳನ್ನು ನೋಡಿದ್ದರು. ಮದ್ರಾಸ್ ಸರ್ಕಾರ ಕೆಲವು ತಿಂಗಳ ನಂತರ ಕೂಲಿಯನ್ನು ಏರಿಸಿತು. ಅಷ್ಟರಲ್ಲಿ ಎಷ್ಟೋ ಜೀವಗಳು ಹೋಗಿದ್ದವು.

ಇದೇ ಕ್ಷಾಮದ ಬಗ್ಗೆ 1878ರಲ್ಲಿ ಲಂಡನ್ನಿನ ಮಾಸಪತ್ರಿಕೆಯೊಂದರಲ್ಲಿ ಭಾರತದ ರೈತನ ಪರವಾಗಿ ದೀರ್ಘ ಲೇಖನ ಬರೆದವರು ಫ್ಲಾರೆನ್ಸ್ ನೈಟಿಂಗೇಲ್. ಅವರು ಭಾರತಕ್ಕೆ ಎಂದೂ ಬಂದವರಲ್ಲ. ದೀಪ ಹಿಡಿದ ಮಹಿಳೆಯ ಚಿತ್ರ ನಮ್ಮ ಮನೆಗಳಲ್ಲಿ ಪ್ರಸಿದ್ಧ. ಆದರೆ ದಾದಿಯರಿಗಾಗಿ ಅವರು ಬರೆದ ಚಿಕ್ಕ ಪುಸ್ತಕದಲ್ಲಿ ರೋಗಿಯ ಆಹಾರಕ್ಕೇ ಎರಡು ಅಧ್ಯಾಯಗಳನ್ನು ಮೀಸಲಿಟ್ಟರು ಎಂಬುದು ಅಷ್ಟಾಗಿ ತಿಳಿದಿಲ್ಲ. ಯಾವ ಹೊತ್ತಿಗೆ ಇಟ್ಟರೆ ರೋಗಿ ತಿಂದಾನು, ತಟ್ಟೆಯಲ್ಲಿ ಏನು ಉಳಿಯಿತು, ಏಕೆ ಉಳಿಯಿತು ಎಂಬುದನ್ನು ಗಮನಿಸುವುದು ದಾದಿಯ ಕೆಲಸದ ತಿರುಳು ಎಂದು ಅವರು ತಿಳಿದಿದ್ದರು. ನಮ್ಮ ಹುಡುಗಿ ಬಿಸ್ಕತ್ತು ಬೇಡವೆಂದಾಗ ಆಡಿದ ಮಾತು ಆ ಪಾಠಶಾಲೆಯದೇ.

ಶಾಲೆಯ ಊಟದ ಚರಿತ್ರೆಯನ್ನು ಮದ್ರಾಸ್ ನಗರಸಭೆಯಿಂದ ಹೇಳುವುದು ವಾಡಿಕೆ. 1920ರ ದಶಕದಲ್ಲಿ ಪಿ. ತ್ಯಾಗರಾಯ ಚೆಟ್ಟಿಯವರ ಮುಂದಾಳತ್ವದಲ್ಲಿ ಅದು ಬಡ ಮಕ್ಕಳಿಗೆ ಉಪಾಹಾರ ಕೊಟ್ಟಿತು. ಮುಂದೆ ಕಾಮರಾಜರು ಅದನ್ನು ರಾಜ್ಯಕ್ಕೆ ಹರಡಿದರು. ನಮ್ಮ ಕಡೆಯ ನೆನಪು ಬೇರೆ. ನನ್ನ ತಲೆಮಾರಿನವರಿಗೆ ಶಾಲೆಯ ಊಟವೆಂದರೆ 'ಕೇರ್' ಸಂಸ್ಥೆಯ ಹಳದಿ ಉಪ್ಪಿಟ್ಟು. ಅದಕ್ಕೂ ಹಿರಿಯರಿಗೆ, ಧರ್ಮಕೇಂದ್ರದ ಜಗುಲಿಯಲ್ಲಿ ಸಾಲು ನಿಂತು ಪಡೆದ ಅಮೆರಿಕದ ಹಾಲಿನ ಪುಡಿ. ಅನೇಕ ಮಕ್ಕಳು ಅದರಿಂದ ಬದುಕಿದರು. ಆದರೂ ಒಂದು ಮಾತನ್ನು ಒಪ್ಪಿಕೊಳ್ಳಬೇಕು: ಆ ಸಾಲಿನಲ್ಲಿ ನಿಂತ ತಾಯಂದಿರು ತಲೆ ತಗ್ಗಿಸಿ ನಿಂತಿದ್ದರು. ಹಡಗು ಬಂದರೆ ಹಾಲು, ಬಾರದಿದ್ದರೆ ಇಲ್ಲ. ಕೇಳಲು ಅವರಿಗೆ ಹಕ್ಕಿರಲಿಲ್ಲ.

ಆ ಹಕ್ಕು ಬಂದದ್ದು 2001ರಲ್ಲಿ. ಅದಕ್ಕೂ ಮೊದಲು, 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಯೋಜನೆಯನ್ನೇನೋ ತಂದಿತ್ತು. ಆದರೆ ಬಹುತೇಕ ರಾಜ್ಯಗಳಲ್ಲಿ ಬಿಸಿಯೂಟದ ಬದಲು ತಿಂಗಳಿಗೆ 3 ಕಿಲೋ ಧಾನ್ಯ ಚೀಲದಲ್ಲಿ ಮನೆಗೆ ಹೋಗುತ್ತಿತ್ತು. ಮನೆಗೆ ಹೋದ ಧಾನ್ಯ ಮನೆಮಂದಿಗೆಲ್ಲ ಹಂಚಿಹೋಗುವುದು ಸಹಜ. 2001ರಲ್ಲಿ ದೇಶದ ಗೋದಾಮುಗಳಲ್ಲಿ 5 ಕೋಟಿ ಟನ್ನಿಗೂ ಮಿಕ್ಕಿ ಧಾನ್ಯವಿತ್ತು, ಹಲವು ರಾಜ್ಯಗಳಲ್ಲಿ ಬರವಿತ್ತು. ದಾಮಾಜಿಪಂತನ ಕಾಲದ ಕಣಜ ಮತ್ತೆ ಕಣ್ಣೆದುರು. ಈ ಸಲ ಬಾಗಿಲು ತಟ್ಟಿದ್ದು ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಘಟನೆಯ ಅರ್ಜಿ. ತೆರೆಸಿದ್ದು ಸರ್ವೋಚ್ಚ ನ್ಯಾಯಾಲಯ. 2001ರ ನವೆಂಬರ್ 28ರ ಆದೇಶ ಹೇಳಿತು: ಪ್ರತಿ ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಯಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕು, ಅದರಲ್ಲಿ ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನ್ ಇರಬೇಕು, ವರ್ಷಕ್ಕೆ ಕನಿಷ್ಠ 200 ದಿನ ಕೊಡಬೇಕು. ಅಳತೆಯನ್ನು ಮಗುವಿನ ಶರೀರ ನಿಶ್ಚಯಿಸಿತು. ಮುಂದೆ ಅದು ಕಿರಿಯ ಪ್ರಾಥಮಿಕಕ್ಕೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಆಯಿತು.

ಕರ್ನಾಟಕದಲ್ಲಿ ಮೊದಲ ಒಲೆ ಹೊತ್ತಿದ್ದು 2002ರ ಜೂನ್ ತಿಂಗಳಲ್ಲಿ, ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ. ಬೀದರ್ ಅವುಗಳಲ್ಲಿ ಒಂದು. ಉಳಿದ 20 ಜಿಲ್ಲೆಗಳಿಗೆ ಅದು ಹೋದದ್ದು ಮರುವರ್ಷ. 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದು, ಎಲ್ಲದರಲ್ಲೂ ಹಿಂದೆ ಉಳಿದವರೆಂದೇ ಕರೆಸಿಕೊಂಡ ನಾವು ಈ ಒಂದರಲ್ಲಿ ಮೊದಲಿಗರು. ಹಿಂದುಳಿದವರೆಂದೇ ಮೊದಲಿಗರಾದದ್ದು ಎಂಬುದು ಬೇರೆ ಮಾತು.

ಇನ್ನೊಂದು ಆದೇಶ ಅಷ್ಟಾಗಿ ಪ್ರಚಾರ ಪಡೆಯಲಿಲ್ಲ. 2004ರ ಏಪ್ರಿಲ್ 20ರಂದು ಅದೇ ನ್ಯಾಯಾಲಯ, ಅಡುಗೆಯವರ ನೇಮಕದಲ್ಲಿ ದಲಿತರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದ್ಯತೆ ಇರಬೇಕೆಂದಿತು. ಯಾರ ಕೈಯ ಅನ್ನ ಎಂಬ, ಕಲ್ಯಾಣದಲ್ಲಿ ಎಂಟು ಶತಮಾನಗಳ ಹಿಂದೆ ಎದ್ದ ಪ್ರಶ್ನೆಗೆ ನ್ಯಾಯಾಲಯ ಒಂದೇ ವಾಕ್ಯದಲ್ಲಿ ಉತ್ತರ ಕೊಟ್ಟಿತು. ಊರುಗಳು ಉತ್ತರ ಕೊಡಲು ಇನ್ನೂ ಹಿಂಜರಿಯುತ್ತವೆ. ದಲಿತ ಹೆಣ್ಣುಮಗಳು ಬೇಯಿಸಿದಳೆಂದು ಮಕ್ಕಳನ್ನು ಊಟಕ್ಕೆ ಬಿಡದ ಪ್ರಕರಣಗಳು ನಮ್ಮ ರಾಜ್ಯದಲ್ಲೂ ನಡೆದಿವೆ. ಆ ಪಾಲಕರ ನಡುವೆ ನಮ್ಮವರು ಯಾರೂ ಇರಲಾರರು ಎಂದು ನಾವು ಬೇಗನೆ ಸಮಾಧಾನ ಮಾಡಿಕೊಳ್ಳದಿರುವುದು ಒಳ್ಳೆಯದು.

ಈಗ ಆ ಹತ್ತು ದಿನಗಳಿಗೆ ಬರುತ್ತೇನೆ. ಕೊರೋನಾದ ಕಾರಣ ಒಂದೂವರೆ ವರ್ಷ ಆರಿದ್ದ ಶಾಲೆಯ ಒಲೆಗಳು 2021ರ ಅಕ್ಟೋಬರಿನಲ್ಲಿ ಮತ್ತೆ ಹೊತ್ತಿದ್ದವು. ಡಿಸೆಂಬರ್ 1ರಿಂದ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮತ್ತು ವಿಜಯಪುರದಲ್ಲಿ ಮಕ್ಕಳಿಗೆ ಬೇಯಿಸಿದ ಮೊಟ್ಟೆ ಕೊಡಲಾರಂಭಿಸಿದರು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಕೊಡಬಾರದೆಂದು ಕೆಲವು ಮಠಾಧೀಶರು ದನಿಯೆತ್ತಿದ್ದೂ ಆಗಲೇ. ಮುಂದೆ ಯಾದಗಿರಿಯ ಮಕ್ಕಳನ್ನೂ ಮೊಟ್ಟೆ ಸಿಗದಿದ್ದ ಗದಗದ ಮಕ್ಕಳನ್ನೂ ತೂಗಿ ಹೋಲಿಸಿದಾಗ, ಯಾದಗಿರಿಯ ಮಕ್ಕಳು, ವಿಶೇಷವಾಗಿ ಹುಡುಗಿಯರು, ಹೆಚ್ಚು ತೂಕ ಪಡೆದಿದ್ದರು. ವಾದಕ್ಕಿಂತ ತಕ್ಕಡಿ ಮೇಲು. ಆ ಬಳಿಕ ಯೋಜನೆ ಇಡೀ ರಾಜ್ಯಕ್ಕೆ ವಿಸ್ತರಿಸಿತು.

ನಮ್ಮ ಹುಡುಗಿ ಮೊದಲ ದಿನ ಅಡುಗೆಯ ತಾಯಂದಿರ ಜೊತೆ ಸಾರು ಬಡಿಸಿದಳು. ತಿಂಗಳಿಗೆ ಕೆಲವೇ ಸಾವಿರ ಗೌರವಧನಕ್ಕೆ ಹೊಗೆಯಲ್ಲಿ ನಿಲ್ಲುವ ಅವರು ಈ ಓದಿದವಳನ್ನು ಮೊದಲು ಅನುಮಾನದಿಂದಲೇ ನೋಡಿದರಂತೆ. ಎರಡನೆಯ ದಿನದಿಂದ ಅವಳು ಪಂಕ್ತಿಯ ಕೊನೆಯಲ್ಲಿ ಕುಳಿತು ಮಕ್ಕಳೊಡನೆಯೇ ಉಂಡಳು. ಯಾರು ಬೇಗ ಏಳುತ್ತಾರೆ, ಯಾರ ಕಣ್ಣಿನ ಒಳರೆಪ್ಪೆ ಬಿಳಿಚಿದೆ, ಯಾರಿಗೆ ಬಾಯಿಯ ಅಂಚು ಒಡೆದು ಖಾರ ಉರಿಯುತ್ತದೆ ಎಂಬುದು ಕುಳಿತವರಿಗಷ್ಟೇ ಕಾಣುತ್ತದೆ. ಮೂರನೆಯ ತರಗತಿಯ ಒಬ್ಬ ಹುಡುಗ ಮೊಟ್ಟೆಯನ್ನು ಸದ್ದಿಲ್ಲದೆ ಚಡ್ಡಿಯ ಕಿಸೆಗೆ ಇಳಿಸುತ್ತಿದ್ದ. ಮೊಟ್ಟೆಯನ್ನು ಶಾಲೆಯಲ್ಲೇ ತಿನ್ನಿಸಬೇಕೆಂಬುದು ನಿಯಮ. ಅವಳು ಗದರಿಸಲಿಲ್ಲ, ಶಿಕ್ಷಕರಿಗೂ ಹೇಳಲಿಲ್ಲ. ಸಂಜೆ ಅವನ ಜೊತೆ ಮನೆಯವರೆಗೆ ನಡೆದಳು.

ಮನೆಯಲ್ಲಿ ನಾಲ್ಕು ವರ್ಷದ ತಂಗಿಯಿದ್ದಳು. ಕಣ್ಣು ಕಾಣದ ಅಜ್ಜಿ ಇದ್ದಳು. ತಾಯಿ ತೊಗರಿ ಕೊಯ್ಲಿಗೆ ನಸುಕಿನಲ್ಲೇ ಹೋಗುತ್ತಿದ್ದಳು. ಅಂಗನವಾಡಿ ಇದ್ದದ್ದು ಊರಿನ ಇನ್ನೊಂದು ತುದಿಯಲ್ಲಿ. ಆ ಮಗುವನ್ನು ಅಲ್ಲಿಗೆ ಬಿಟ್ಟುಬರುವವರು ಯಾರೂ ಇರಲಿಲ್ಲ. ಯೋಜನೆಯೂ ಇತ್ತು, ಧಾನ್ಯವೂ ಇತ್ತು, ಆದೇಶವೂ ಇತ್ತು. ಇಲ್ಲದ್ದು ಅರ್ಧ ಕಿಲೋಮೀಟರ್ ಕೈ ಹಿಡಿದು ನಡೆಸುವ ಒಬ್ಬರು.

ಉಳಿದ ದಿನಗಳಲ್ಲಿ ಅವಳು ಬೆಳಿಗ್ಗೆ ಆ ಮಗುವನ್ನು ಎತ್ತಿಕೊಂಡು ಅಂಗನವಾಡಿಗೆ ಬಿಟ್ಟು ಆಮೇಲೆ ಶಾಲೆಗೆ ಬರುತ್ತಿದ್ದಳು. ರಜೆ ಮುಗಿದು ಹೊರಡುವ ಮುನ್ನ ನನ್ನನ್ನು ಕಾಣಲು ಬಂದಾಗ, ಹುಡುಗ ಈಗ ಮೊಟ್ಟೆ ತಿನ್ನುತ್ತಾನೆಯೇ ಎಂದು ಕೇಳಿದೆ. "ಅರ್ಧ ತಿಂತಾನ, ಫಾದರ್. ಅರ್ಧ ಇನ್ನೂ ಕಿಸೆದಾಗೇ" ಎಂದಳು. ಆಮೇಲೆ, ನಾಳೆಯಿಂದ ಮಗುವನ್ನು ಅಂಗನವಾಡಿಗೆ ಬಿಡಲು ಬೆಳಿಗ್ಗೆ ಒಂಬತ್ತೂವರೆಗೆ ಯಾರನ್ನು ಕಳುಹಿಸುತ್ತೀರಿ ಎಂದು ನನ್ನನ್ನೇ ಕೇಳಿದಳು.