ಪೇಟೆಂಟ್ ಅರ್ಜಿ ಬರೆಯಬೇಕಾದವರು ಯಾರು?: ಗಾಡ್ರಿ ಅಂಕಿಗಳ ಮರುಪರಿಶೀಲನೆ

ಆವಿಷ್ಕಾರಕರು ತಮ್ಮ ಪೇಟೆಂಟ್ ಅರ್ಜಿಯನ್ನು ತಾವೇ ಬರೆಯಬಾರದು ಎನ್ನುವವರಿಗೆ ಕೇಟ್ ಗಾಡ್ರಿ ಅವರ ಅಧ್ಯಯನ ದೊಡ್ಡ ಆಧಾರ. 2012ರಲ್ಲಿ ‘ಪ್ಲಾಸ್ ಒನ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಅಧ್ಯಯನಕ್ಕಾಗಿ ಅವರು ಅಮೆರಿಕದ ಪೇಟೆಂಟ್ ಕಚೇರಿಯ 500 ಕಡತಗಳನ್ನು ಪರಿಶೀಲಿಸಿದರು. ವಕೀಲರ ಅಥವಾ ಏಜೆಂಟರ ಮೂಲಕ ಬಂದವು 250, ಆವಿಷ್ಕಾರಕರೇ ನಡೆಸಿದವು 250. ಮೊದಲ ಗುಂಪಿನಲ್ಲಿ ಪೇಟೆಂಟ್ ಆಗದೆ ಬಿದ್ದುಹೋದ ಅರ್ಜಿಗಳು ಶೇ. 35, ಎರಡನೆಯದರಲ್ಲಿ ಶೇ. 76. ಈ ಅಂಕಿಗಳ ಬಗ್ಗೆ ನನಗೆ ತಕರಾರಿಲ್ಲ. ಅವುಗಳಿಂದ ‘ಬರೆಯಬೇಡಿ’ ಎಂಬ ತೀರ್ಮಾನಕ್ಕೆ ಹಾರುವುದಕ್ಕೆ ಮಾತ್ರ ತಕರಾರು.

ಒಪ್ಪಿತ ಸಂಗತಿಗಳನ್ನು ಬೇಗ ದಾಟಬಹುದು. ಅಮೆರಿಕದಲ್ಲೂ ಭಾರತದಲ್ಲೂ ಆವಿಷ್ಕಾರಕ ಸ್ವತಃ ಅರ್ಜಿ ಸಲ್ಲಿಸಲು ಕಾನೂನಿನ ಅಡ್ಡಿಯಿಲ್ಲ. ಕರಾರುವಾಕ್ಕಾಗಿ ಬರೆಯಲು ಅತಿ ಕಷ್ಟವಾದ ಕಾನೂನು ದಸ್ತಾವೇಜುಗಳಲ್ಲಿ ಪೇಟೆಂಟ್ ವಿವರಣಾಪತ್ರವೂ ಒಂದು ಎಂದು ಅಮೆರಿಕದ ಸುಪ್ರೀಂ ಕೋರ್ಟು 1892ರ ಟಾಪ್ಲಿಫ್ ಪ್ರಕರಣದಲ್ಲೇ ಹೇಳಿತ್ತು. ಡೇವಿಡ್ ಪ್ರೆಸ್‌ಮನ್ ಅವರ ‘ಪೇಟೆಂಟ್ ಇಟ್ ಯುವರ್‌ಸೆಲ್ಫ್’ ಇದಕ್ಕೆ ಎದುರು ದಿಕ್ಕಿನ ಪುಸ್ತಕ. ಅದನ್ನು ಬರೆದವರೂ ಒಬ್ಬ ಪೇಟೆಂಟ್ ವಕೀಲರೇ ಎಂಬುದು ಸ್ವಾರಸ್ಯ.

ಈಗ ವಿವಾದದ ಬಿಂದುವಿಗೆ ಬರೋಣ. ಬರೆದದ್ದು ಕೆಟ್ಟದಾಗಿದ್ದರಿಂದ ಆ ಅರ್ಜಿಗಳು ಬಿದ್ದವೇ, ಸಲ್ಲಿಸಿದ ಮೇಲೆ ನಡೆಸಿಕೊಂಡು ಹೋಗುವವರಿಲ್ಲದೆ ಬಿದ್ದವೇ? ಶೇ. 76 ಎಂಬ ಒಟ್ಟು ಅಂಕಿಯಲ್ಲಿ ಎರಡೂ ಬೆರೆತಿವೆ. ಗಾಡ್ರಿ ಅವರೇ ಗುರುತಿಸಿದ ಕಾರಣಗಳನ್ನು ನೋಡಿ: ಸ್ವಯಂ ಅರ್ಜಿದಾರರಲ್ಲಿ ಗಣನೀಯ ಭಾಗ ಅರಿವಿಲ್ಲದೆಯೇ ಅರ್ಜಿ ಕೈಬಿಟ್ಟಂತೆ, ಪರಿಶೀಲನೆಯ ಆರಂಭದಲ್ಲೇ ನಿಲ್ಲಿಸಿದಂತೆ, ಪರಿಶೀಲಕರೊಡನೆ ಮಾತಾಡುವ ಅವಕಾಶವನ್ನು ಬಳಸದಂತೆ ಕಾಣುತ್ತದೆ. ಈ ಮೂರೂ ಸಲ್ಲಿಕೆಯ ನಂತರದ ಲೋಪಗಳು. ಗಡುವು ಮರೆತದ್ದಕ್ಕೆ ಬರವಣಿಗೆಯನ್ನು ದೂರುವುದು ಹೇಗೆ? ಮೇಲಾಗಿ, ಯಾರು ವಕೀಲರನ್ನಿಡಬೇಕು, ಯಾರು ಇಡಬಾರದು ಎಂದು ಚೀಟಿ ಎತ್ತಿ ಹಂಚಿದ್ದಲ್ಲ. ಹಣವಿದ್ದವರು, ಆವಿಷ್ಕಾರದಿಂದ ಗಳಿಕೆಯಾದೀತೆಂದು ಲೆಕ್ಕ ಹಾಕಿದವರು ವಕೀಲರ ಬಳಿ ಹೋಗಿರುವ ಸಂಭವವೇ ಹೆಚ್ಚು. ಅಂಥವರು ಅರ್ಜಿಯನ್ನು ನಡುದಾರಿಯಲ್ಲಿ ಬಿಡುವುದೂ ಕಡಿಮೆ.

ಆದರೆ ಅದೇ ಅಧ್ಯಯನದ ಇನ್ನೊಂದು ಫಲಿತಾಂಶ ನನ್ನ ವಾದಕ್ಕೆ ತೊಡಕು. ಮಂಜೂರಾದ ಪೇಟೆಂಟ್‌ಗಳಲ್ಲೂ ಸ್ವಯಂ ಅರ್ಜಿದಾರರ ಕ್ಲೇಮುಗಳು, ಅಂದರೆ ಕೋರಿದ ರಕ್ಷಣೆಯ ವ್ಯಾಪ್ತಿ ಹೇಳುವ ವಾಕ್ಯಗಳು, ಹೆಚ್ಚು ಸಂಕುಚಿತವಾಗಿ ತೋರುತ್ತವೆ. ಇದು ನಿಸ್ಸಂದೇಹವಾಗಿ ಬರವಣಿಗೆಯ ಪ್ರಶ್ನೆ. ಆದ್ದರಿಂದ ‘ಅರ್ಜಿ’ಯನ್ನು ಒಡೆದು ನೋಡಬೇಕಾಗುತ್ತದೆ. ಭಾರತದ 1970ರ ಪೇಟೆಂಟ್ ಕಾಯಿದೆಯ 10ನೇ ಕಲಮು ವಿವರಣಾಪತ್ರದಿಂದ ಎರಡು ಬೇರೆ ಬೇರೆ ಕೆಲಸಗಳನ್ನು ಕೇಳುತ್ತದೆ: ಆವಿಷ್ಕಾರವನ್ನೂ ಅದನ್ನು ನೆರವೇರಿಸಲು ಅರ್ಜಿದಾರನಿಗೆ ಗೊತ್ತಿರುವ ಅತ್ಯುತ್ತಮ ವಿಧಾನವನ್ನೂ ವಿವರಿಸುವುದು, ಕೊನೆಗೆ ಕ್ಲೇಮುಗಳಲ್ಲಿ ರಕ್ಷಣೆಯ ವ್ಯಾಪ್ತಿಯನ್ನು ಗೊತ್ತುಮಾಡುವುದು. ಜಮೀನಿನ ಮಣ್ಣಿನ ಗುಣ ಉಳುವವನಿಗೆ ಗೊತ್ತು. ಕ್ರಯಪತ್ರದಲ್ಲಿ ಚಕ್ಕುಬಂದಿ ಬರೆಯುವುದು ಬೇರೆಯೇ ಕಸುಬು. ಜಾನ್‌ಸನ್ ಅಂಡ್ ಜಾನ್‌ಸ್ಟನ್ ಪ್ರಕರಣ (ಅಮೆರಿಕದ ಫೆಡರಲ್ ಸರ್ಕ್ಯೂಟ್, 2002) ಈ ಅಂತರಕ್ಕೆ ಒಳ್ಳೆಯ ಸಾಕ್ಷಿ. ಸರ್ಕ್ಯೂಟ್ ಬೋರ್ಡ್ ತಯಾರಿಕೆಗೆ ಸಂಬಂಧಿಸಿದ ಆ ಪೇಟೆಂಟಿನ ವಿವರಣೆಯಲ್ಲಿ ಅಲ್ಯೂಮಿನಿಯಂ ಜೊತೆಗೆ ಉಕ್ಕಿನ ಹಾಳೆಯನ್ನೂ ಬಳಸಬಹುದೆಂದಿತ್ತು. ಕ್ಲೇಮಿನಲ್ಲಿ ಅಲ್ಯೂಮಿನಿಯಂ ಮಾತ್ರ. ಪ್ರತಿಸ್ಪರ್ಧಿ ಉಕ್ಕು ಬಳಸಿದ. ವಿವರಿಸಿ ಕ್ಲೇಮು ಮಾಡದೆ ಬಿಟ್ಟದ್ದು ಸಾರ್ವಜನಿಕರ ಸೊತ್ತು ಎಂದು ನ್ಯಾಯಾಲಯ ತೀರ್ಪಿತ್ತಿತು.

ಇಲ್ಲಿಂದ ನನ್ನ ಪ್ರತಿಪಾದನೆ, ಕೆಲವು ಷರತ್ತುಗಳೊಂದಿಗೆ: ವಿವರಣೆಯ ಮೊದಲ ಕರಡನ್ನು ಆವಿಷ್ಕಾರಕನೇ ಬರೆಯಬೇಕು, ಕ್ಲೇಮುಗಳನ್ನೂ ಪರಿಶೀಲನಾ ವರದಿಗೆ ಕೊಡುವ ಉತ್ತರವನ್ನೂ ಪೇಟೆಂಟ್ ಏಜೆಂಟರಿಗೆ ಬಿಡಬೇಕು. ಔಷಧ, ಜೈವಿಕ ತಂತ್ರಜ್ಞಾನಗಳಂಥ ಕ್ಷೇತ್ರಗಳಿಗೆ ಈ ಹಂಚಿಕೆಯನ್ನು ಹಾಗೆಯೇ ಅನ್ವಯಿಸಲು ನಾನು ಹಿಂಜರಿಯುತ್ತೇನೆ. ವಿವರಣೆಯೂ ನಿರಪಾಯವಲ್ಲ. ತಾನು ಕಟ್ಟಿದ ಮಾದರಿಯನ್ನಷ್ಟೇ ವಿವರಿಸಿ ಸುಮ್ಮನಾಗುವುದು ಆವಿಷ್ಕಾರಕನ ಸಹಜ ದೌರ್ಬಲ್ಯ. ಮೂಲದಲ್ಲಿ ಇಲ್ಲದ್ದನ್ನು ಆಮೇಲೆ ತಿದ್ದುಪಡಿಯಾಗಿ ಸೇರಿಸಲು ಭಾರತದ ಕಾಯಿದೆಯ 59ನೇ ಕಲಮು ಬಿಡುವುದಿಲ್ಲ. ಹೀಗಾಗಿ ಸಲ್ಲಿಕೆಗೆ ಮುನ್ನ ‘ಬೇರೆ ಯಾವ ಬಗೆಯಲ್ಲಿ ಮಾಡಬಹುದು?’ ಎಂದು ಕೆದಕಿ ಕೇಳುವ ಏಜೆಂಟರೊಬ್ಬರು ಬೇಕು. ಮೊದಲು ಸಲ್ಲಿಸಬಹುದಾದ ತಾತ್ಕಾಲಿಕ ವಿವರಣಾಪತ್ರಕ್ಕೆ ಕ್ಲೇಮುಗಳ ಅಗತ್ಯವಿಲ್ಲ, ಪೂರ್ಣ ವಿವರಣೆಗೆ 12 ತಿಂಗಳ ಕಾಲಾವಕಾಶವೂ ಇದೆ. ಸ್ವಯಂ ಬರವಣಿಗೆಗೆ ಒಗ್ಗುವ ಹಂತ ಇದೇ. ಆದರೂ ತಾತ್ಕಾಲಿಕ ವಿವರಣಾಪತ್ರ ಸಲ್ಲಿಸಿದ ದಿನಾಂಕದ ಆದ್ಯತೆ ಸಿಗುವುದು ಅದರಲ್ಲಿ ನ್ಯಾಯವಾಗಿ ಆಧಾರವಿರುವ ಕ್ಲೇಮುಗಳಿಗೆ ಮಾತ್ರ. ಎರಡು ಪುಟ ಗೀಚಿ ಸಲ್ಲಿಸಿದರೆ ಸಿಗುವುದು ಹುಸಿ ಭದ್ರತೆ.

ಎರಡು ಪ್ರಶ್ನೆಗಳು ಉಳಿಯುತ್ತವೆ. ಭಾರತದ ಪೇಟೆಂಟ್ ನಿಯಮಗಳ ಪ್ರಕಾರ ದಾಖಲೆಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕು. ಕನ್ನಡದಲ್ಲಷ್ಟೇ ತನ್ನ ಯಂತ್ರವನ್ನು ಸಮರ್ಥವಾಗಿ ವಿವರಿಸಬಲ್ಲ ಮೆಕ್ಯಾನಿಕ್‌ಗೆ ‘ತಾನೇ ಬರೆಯುವ’ ಆಯ್ಕೆ ಎಷ್ಟರ ಮಟ್ಟಿಗೆ ಇದೆ? ಇನ್ನೊಂದು, ಅಮೆರಿಕದ ಅಂಕಿಗಳು ನಮಗೆಷ್ಟು ಒಪ್ಪುತ್ತವೆ? ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಸೇರುತ್ತವೆ; ಪ್ರಕಟವಾದ ಅರ್ಜಿಗಳ ದಾಖಲೆಗಳನ್ನು ಅಂತರ್ಜಾಲದಲ್ಲೇ ನೋಡಬಹುದು. ಗಡುವು ತಪ್ಪಿ ಬಿದ್ದವು ಯಾವುವು, ಬರವಣಿಗೆಯ ದೋಷದಿಂದ ಬಿದ್ದವು ಯಾವುವು ಎಂದು ಬೇರ್ಪಡಿಸಿ ಎಣಿಸುವ ಕೆಲಸವನ್ನು ನಮ್ಮ ಕಾನೂನು ಮತ್ತು ಎಂಜಿನಿಯರಿಂಗ್ ವಿಭಾಗಗಳ ಸಂಶೋಧಕರು ಜೊತೆಗೂಡಿ ಕೈಗೊಳ್ಳಬೇಕು.