ಗುರಿ ಶೂಟಿಂಗ್‌ಗೆ ಮೊದಲ ರಿಮ್‌ಫೈರ್ ಪಿಸ್ತೂಲು: ಆಯ್ಕೆಗೆ ಮುನ್ನ ಅರಿಯಬೇಕಾದ ಸಂಗತಿಗಳು

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲು ಸ್ಪರ್ಧೆಯಲ್ಲಿ ಬೆಳ್ಳಿ ಪದಕ ಗೆದ್ದರು. 2018ರಲ್ಲಿ ಇಂಡೊನೇಷ್ಯಾದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದ ಮಹಿಳೆಯರ 25 ಮೀಟರ್ ಪಿಸ್ತೂಲು ಸ್ಪರ್ಧೆಯಲ್ಲಿ ರಾಹಿ ಸರ್ನೋಬತ್ ಚಿನ್ನಕ್ಕೆ ಗುರಿಯಿಟ್ಟರು. ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೊ ಒಲಿಂಪಿಕ್ಸ್‌ನ 50 ಮೀಟರ್ ಪಿಸ್ತೂಲು ವಿಭಾಗದಲ್ಲಿ ದೇಶವನ್ನು ಪ್ರತಿನಿಧಿಸಿದರು. ಈ ಮೂರೂ ಸ್ಪರ್ಧೆಗಳು ಬೇರೆ ಬೇರೆಯಾದರೂ ಅವುಗಳಲ್ಲಿ ಬಳಕೆಯಾಗುವ ಕಾಡತೂಸು ಒಂದೇ: .22 ಲಾಂಗ್ ರೈಫಲ್ ಎಂಬ ರಿಮ್‌ಫೈರ್ ಕಾಡತೂಸು.

ಏರ್ ಪಿಸ್ತೂಲಿನಲ್ಲಿ ಕೈ ಪಳಗಿದ ಮೇಲೆ ಸ್ವಂತದ್ದೊಂದು .22 ಪಿಸ್ತೂಲು ಬೇಕೆನಿಸುವುದು ಸಹಜ. ಆದರೆ ನಮ್ಮ ದೇಶದಲ್ಲಿ ಈ ಖರೀದಿ ಕ್ರಿಕೆಟ್ ಬ್ಯಾಟು ಕೊಂಡಂತಲ್ಲ. ಪಿಸ್ತೂಲಿನ ಕ್ರಮಸಂಖ್ಯೆ ಪರವಾನಗಿ ಪುಸ್ತಕದಲ್ಲಿ ದಾಖಲಾಗುತ್ತದೆ. ಒಗ್ಗಲಿಲ್ಲವೆಂದು ಮಾರಬೇಕಾದರೆ ಕೊಳ್ಳುವವರಿಗೂ ಪರವಾನಗಿ ಇರಬೇಕು. ಜಿಲ್ಲಾ ದಂಡಾಧಿಕಾರಿಗೆ ಅಥವಾ ಸಮೀಪದ ಪೊಲೀಸ್ ಠಾಣೆಗೆ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು. ಒಮ್ಮೆ ತಪ್ಪಿದ ಆಯ್ಕೆಯನ್ನು ಸರಿಪಡಿಸಲು ಹಣದ ಜೊತೆಗೆ ಅಭ್ಯಾಸದ ಅಮೂಲ್ಯ ಕಾಲವೂ ವ್ಯಯವಾಗುತ್ತದೆ. ಆದುದರಿಂದ ಕೊಳ್ಳುವ ಮುನ್ನವೇ ವಿಚಾರ ಮಾಡುವುದು ಲೇಸು.

ರಿಮ್‌ಫೈರ್ ಎಂದರೇನು?

ಸಾಮಾನ್ಯ ಪಿಸ್ತೂಲಿನ ಕಾಡತೂಸಿನಲ್ಲಿ ಕಿಡಿ ಹೊತ್ತಿಸುವ ಮದ್ದು ತಳದ ನಡುವೆ ಪ್ರತ್ಯೇಕ ಗುಂಡಿಯಲ್ಲಿರುತ್ತದೆ. ರಿಮ್‌ಫೈರ್‌ನಲ್ಲಿ ಈ ಮದ್ದನ್ನು ತಳದ ಅಂಚಿನ ಮಡಿಕೆಯೊಳಗೆ ತುಂಬಿರುತ್ತಾರೆ. ಪಿಸ್ತೂಲಿನ ಮೊಳೆ ಅಂಚಿಗೆ ಬಡಿದೊಡನೆ ಕಿಡಿ ಹೊತ್ತುತ್ತದೆ. 1887ರಲ್ಲಿ ಅಮೆರಿಕದಲ್ಲಿ ರೂಪುಗೊಂಡ .22 ಲಾಂಗ್ ರೈಫಲ್ ಇಂದಿಗೂ ಜಗತ್ತಿನಾದ್ಯಂತ ಗುರಿಕಾರರ ನೆಚ್ಚಿನ ಕಾಡತೂಸಾಗಿದೆ. ಇದರ ಸೀಸದ ಗುಂಡು ಸುಮಾರು 2.6 ಗ್ರಾಂ ತೂಗುತ್ತದೆ. ಹಿಂದೊದೆತ ಅತ್ಯಲ್ಪ, ಬೆಲೆಯೂ ಇತರ ಕಾಡತೂಸುಗಳಿಗಿಂತ ಕಡಿಮೆ. ಹಾಗೆಂದು ಇದನ್ನು ಆಟಿಕೆಯೆಂದು ಭಾವಿಸಲಾಗದು. ಈ ಗುಂಡು ಒಂದು ಕಿಲೋಮೀಟರಿಗೂ ಹೆಚ್ಚು ದೂರ ಸಾಗಬಲ್ಲದು, ಪ್ರಾಣವನ್ನೂ ತೆಗೆಯಬಲ್ಲದು.

ಮೊದಲು ಸ್ಪರ್ಧೆ, ಬಳಿಕ ಪಿಸ್ತೂಲು

ಯಾವ ಸ್ಪರ್ಧೆಯಲ್ಲಿ ಭಾಗವಹಿಸಬೇಕೆಂಬುದು ನಿಶ್ಚಯವಾಗದೆ ಪಿಸ್ತೂಲು ಕೊಳ್ಳುವುದು ಹೊಸಬರು ಮಾಡುವ ಮೊದಲ ತಪ್ಪು. ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟದ (ಐಎಸ್‌ಎಸ್‌ಎಫ್) ನಿಯಮಗಳಲ್ಲಿ .22 ಪಿಸ್ತೂಲಿಗೆ ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು 25 ಮೀಟರ್ ಅಂತರದ ಸ್ಪರ್ಧೆಗಳು. ಮಹಿಳೆಯರ 25 ಮೀಟರ್ ಪಿಸ್ತೂಲಿನಲ್ಲಿ 30 ಗುಂಡುಗಳನ್ನು ನಿಧಾನವಾಗಿಯೂ, ಉಳಿದ 30 ಗುಂಡುಗಳನ್ನು ಪ್ರತಿ ಗುಂಡಿಗೆ ಮೂರು ಸೆಕೆಂಡಿನಂತೆಯೂ ಹಾರಿಸಬೇಕು. ಪುರುಷರ ರ‍್ಯಾಪಿಡ್ ಫೈರ್‌ನಲ್ಲಿ ಐದು ಗುರಿಗಳಿಗೆ ಐದು ಗುಂಡುಗಳನ್ನು 8, 6 ಮತ್ತು 4 ಸೆಕೆಂಡುಗಳಲ್ಲಿ ಮುಗಿಸಬೇಕು. ಸ್ಟ್ಯಾಂಡರ್ಡ್ ಪಿಸ್ತೂಲಿನಲ್ಲಿ ಐದು ಗುಂಡಿಗೆ 150, 20 ಮತ್ತು 10 ಸೆಕೆಂಡುಗಳ ಅವಧಿ. ಇವೆಲ್ಲಕ್ಕೂ ಐದು ಗುಂಡಿನ ಮ್ಯಾಗಜೀನ್ ಇರುವ, ತಾನಾಗಿ ಮರುತುಂಬಿಕೊಳ್ಳುವ ಪಿಸ್ತೂಲು ಒದಗುತ್ತದೆ.

ಎರಡನೆಯದು 50 ಮೀಟರ್ ಪಿಸ್ತೂಲು. ಇದರಲ್ಲಿ ಬಳಸುವ 'ಫ್ರೀ ಪಿಸ್ತೂಲಿ'ಗೆ ಒಂದೊಂದೇ ಗುಂಡು ತುಂಬಬೇಕು. ಇದರ ಟ್ರಿಗರ್ ಅತಿ ಹಗುರ. ರಿಯೊ ಕೂಟದ ನಂತರ ಈ ಸ್ಪರ್ಧೆ ಒಲಿಂಪಿಕ್ಸ್‌ನಿಂದ ಹೊರಬಿದ್ದಿದೆ. ಅಲ್ಲದೆ ಈ ಪಿಸ್ತೂಲು 25 ಮೀಟರ್ ಸ್ಪರ್ಧೆಗಳಿಗೆ ಉಪಯೋಗಕ್ಕೆ ಬಾರದು. ಆದ್ದರಿಂದ ಮೊದಲ ಪಿಸ್ತೂಲಿಗಾಗಿ ಹುಡುಕುವವರಿಗೆ 25 ಮೀಟರ್ ವರ್ಗದ್ದೇ ಸೂಕ್ತ.

ನಿಯಮದ ಅಳತೆಗಳು

25 ಮೀಟರ್ ಸ್ಪರ್ಧೆಗಳ ರಿಮ್‌ಫೈರ್ ಪಿಸ್ತೂಲಿಗೆ ಐಎಸ್‌ಎಸ್‌ಎಫ್ ನಿಗದಿಪಡಿಸಿರುವ ಮಿತಿಗಳು ಹೀಗಿವೆ: ತೂಕ 1,400 ಗ್ರಾಂ ಮೀರಬಾರದು, ನಳಿಗೆಯ ಉದ್ದ 153 ಮಿಲಿಮೀಟರ್ ಮೀರಬಾರದು, ಮುಂದಿನ ಮತ್ತು ಹಿಂದಿನ ಸೈಟ್‌ಗಳ ನಡುವಿನ ಅಂತರ 220 ಮಿಲಿಮೀಟರ್ ದಾಟಬಾರದು, ಟ್ರಿಗರ್ ಕನಿಷ್ಠ 1,000 ಗ್ರಾಂ ಭಾರವನ್ನು ತಡೆಯಬೇಕು. ದುರ್ಬೀನು, ಕೆಂಪು ಚುಕ್ಕೆಯ ಸೈಟ್ ಮುಂತಾದವುಗಳಿಗೆ ಅವಕಾಶವಿಲ್ಲ.

ಹೆಸರಾಂತ ಪಿಸ್ತೂಲೂ ಈ ಅಳತೆಯಲ್ಲಿ ಅನುತ್ತೀರ್ಣವಾಗಬಹುದು. ಅಮೆರಿಕದ ಸ್ಮಿತ್ ಆ್ಯಂಡ್ ವೆಸನ್ ಕಂಪನಿಯ ಮಾದರಿ 41 ನಿಖರತೆಗೆ ಪ್ರಸಿದ್ಧವಾದದ್ದು. ಆದರೆ ಅದರ 7 ಇಂಚಿನ ನಳಿಗೆ ಸುಮಾರು 178 ಮಿಲಿಮೀಟರ್ ಉದ್ದವಿರುವುದರಿಂದ ಐಎಸ್‌ಎಸ್‌ಎಫ್ ಸ್ಪರ್ಧೆಗೆ ಸಲ್ಲದು. ಐದೂವರೆ ಇಂಚಿನ ನಳಿಗೆ ಮಾತ್ರ ಮಿತಿಯೊಳಗಿದೆ. ಐಎಸ್‌ಎಸ್‌ಎಫ್ ಸ್ಪರ್ಧೆಗಳನ್ನೇ ದೃಷ್ಟಿಯಲ್ಲಿಟ್ಟುಕೊಂಡು ರೂಪಿಸಿದ ಪಿಸ್ತೂಲುಗಳಲ್ಲಿ ಜರ್ಮನಿಯ ವಾಲ್ಥರ್ ಜಿಎಸ್‌ಪಿ, ಇಟಲಿಯ ಪಾರ್ದೀನಿ ಎಸ್‌ಪಿ, ಸ್ವಿಟ್ಜರ್ಲೆಂಡಿನ ಮೊರಿನಿ ಸಿಎಂ22, ಜರ್ಮನಿಯ ಫೈನ್‌ವರ್ಕ್‌ಬೌ ಎಡಬ್ಲ್ಯೂ93 ಮುಖ್ಯವಾದವು.

ಕೈಗೆ ಒಗ್ಗಿದ್ದೇ ಉತ್ತಮ

ಮೇಲಿನ ಪಿಸ್ತೂಲುಗಳಲ್ಲಿ ಯಾವುದು ಶ್ರೇಷ್ಠ ಎಂಬ ಚರ್ಚೆಗೆ ಕೊನೆಯಿಲ್ಲ. ಇವೆಲ್ಲವೂ ಹೊಸಬರ ಕೈಗಿಂತ ಹೆಚ್ಚು ನಿಖರವಾಗಿವೆ ಎಂಬುದೇ ನಿಜ. ಹೀಗಾಗಿ ಬ್ರ್ಯಾಂಡಿನ ಹೆಸರಿಗಿಂತ ಹಿಡಿಯ ಹೊಂದಾಣಿಕೆಗೆ ಪ್ರಾಶಸ್ತ್ಯ ನೀಡಬೇಕು.

ಗುರಿ ಪಿಸ್ತೂಲಿನ ಮರದ ಹಿಡಿ ಅಂಗೈಯ ಆಕಾರಕ್ಕೆ ಕೆತ್ತಿದ್ದು. ಸಣ್ಣ, ಮಧ್ಯಮ, ದೊಡ್ಡ ಗಾತ್ರಗಳಲ್ಲಿ, ಬಲಗೈ ಮತ್ತು ಎಡಗೈಯವರಿಗೆ ಪ್ರತ್ಯೇಕವಾಗಿ ದೊರೆಯುತ್ತದೆ. ಪರೀಕ್ಷಿಸುವ ವಿಧಾನ ಸರಳ. ಖಾಲಿ ಪಿಸ್ತೂಲನ್ನು ಶೂಟಿಂಗ್ ರೇಂಜಿನಲ್ಲಿ, ಗುರಿಯ ದಿಕ್ಕಿಗೇ ಹಿಡಿದು, ಕಣ್ಣು ಮುಚ್ಚಿ ತೋಳನ್ನು ಮೇಲೆತ್ತಿ. ಕಣ್ಣು ತೆರೆದಾಗ ಮುಂದಿನ ಸೈಟ್ ಹಿಂದಿನ ಸೈಟಿನ ಕಂಡಿಯ ನಡುವೆಯೇ ಕಾಣಿಸಬೇಕು. ಪ್ರತಿಬಾರಿಯೂ ಮಣಿಕಟ್ಟು ತಿರುಚಿ ಸರಿಪಡಿಸಬೇಕಾಗಿ ಬಂದರೆ ಆ ಹಿಡಿ ನಿಮ್ಮದಲ್ಲ. ಅಲ್ಪಸ್ವಲ್ಪ ವ್ಯತ್ಯಾಸವನ್ನು ಅರ ಹಾಕಿ ಉಜ್ಜಿ, ಮರದ ಮೇಣ ತುಂಬಿ ಸರಿಪಡಿಸಬಹುದು. ಹಿಡಿಯ ಯಾವ ಭಾಗವೂ ಮಣಿಕಟ್ಟಿಗೆ ಆಸರೆ ಕೊಡಬಾರದೆಂಬ ನಿಯಮವನ್ನು ಮರೆಯಬಾರದು.

ಟ್ರಿಗರ್ ಎರಡು ಹಂತದ್ದಾಗಿದ್ದರೆ ಒಳಿತು. ಮೊದಲ ಹಂತದಲ್ಲಿ ಬೆರಳು ಸಲೀಸಾಗಿ ಸಾಗಿ, ಎರಡನೆಯದರಲ್ಲಿ ಸ್ಪಷ್ಟ ತಡೆ ಸಿಕ್ಕಿ, ಎಳೆದಾಟವಿಲ್ಲದೆ ಬಿಡುಗಡೆಯಾಗಬೇಕು. ತೂಕದ ವಿಷಯದಲ್ಲಿಯೂ ವಿವೇಚನೆ ಅಗತ್ಯ. ಒಂಟಿ ಕೈಯನ್ನು ಚಾಚಿ 60 ಗುಂಡು ಹಾರಿಸುವವರೆಗೂ ನಡುಗದೆ ಹಿಡಿಯಬಲ್ಲಷ್ಟೇ ಭಾರ ಸಾಕು. ತುದಿಗೆ ಸೇರಿಸುವ ಚಿಕ್ಕ ತೂಕದ ಬಿಲ್ಲೆಗಳನ್ನು ಮುಂದೆ ಶಕ್ತಿ ಬಂದಂತೆ ಬಳಸಬಹುದು.

ಹಳೆಯದನ್ನು ಕೊಳ್ಳುವಾಗ

ಬಳಸಿದ ಪಿಸ್ತೂಲು ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಆದರೆ ಒಂದು ಎಚ್ಚರಿಕೆ ಅವಶ್ಯ. 2004ರ ಅಥೆನ್ಸ್ ಒಲಿಂಪಿಕ್ಸ್‌ವರೆಗೆ ರ‍್ಯಾಪಿಡ್ ಫೈರ್‌ನಲ್ಲಿ .22 ಶಾರ್ಟ್ ಎಂಬ ಚಿಕ್ಕ ಕಾಡತೂಸು ಬಳಕೆಯಲ್ಲಿತ್ತು. 2005ರಿಂದ ನಿಯಮ ಬದಲಾಗಿ .22 ಲಾಂಗ್ ರೈಫಲ್ ಕಡ್ಡಾಯವಾಯಿತು. ಆ ಕಾಲದ ವಾಲ್ಥರ್ ಓಎಸ್‌ಪಿಯಂಥ ಸೊಗಸಾದ ಪಿಸ್ತೂಲುಗಳು ಈಗ ಐಎಸ್‌ಎಸ್‌ಎಫ್ ಸ್ಪರ್ಧೆಗೆ ಒದಗುವುದಿಲ್ಲ. ನಳಿಗೆಯ ಮೇಲೆ ಕೆತ್ತಿರುವ ಕಾಡತೂಸಿನ ಹೆಸರನ್ನು ಓದಿಯೇ ಮುಂದುವರಿಯಬೇಕು.

ಕಾಡತೂಸು ಕೂರುವ ಕೊಠಡಿಯ ಅಂಚನ್ನೂ ಪರಿಶೀಲಿಸಬೇಕು. ರಿಮ್‌ಫೈರ್ ಪಿಸ್ತೂಲನ್ನು ಖಾಲಿಯಾಗಿ ಮತ್ತೆ ಮತ್ತೆ ಹೊಡೆದರೆ ಮೊಳೆ ನೇರವಾಗಿ ಆ ಅಂಚಿಗೇ ಬಡಿದು ಗುಳಿ ಬೀಳಬಹುದು. ಕಾಡತೂಸು ಸಿಕ್ಕಿಕೊಳ್ಳಲು ಇದೇ ಕಾರಣವಾಗುತ್ತದೆ. ತಯಾರಕರು ಒಣ ಅಭ್ಯಾಸದ ವ್ಯವಸ್ಥೆ ಕಲ್ಪಿಸಿದ್ದರೆ ಮಾತ್ರ ಹಾಗೆ ಅಭ್ಯಾಸ ಮಾಡಬೇಕು. ಮ್ಯಾಗಜೀನ್, ಮೊಳೆ, ಸ್ಪ್ರಿಂಗುಗಳು ಮುಂದೆಯೂ ದೊರೆಯುತ್ತವೆಯೇ, ರಿಪೇರಿ ಬಲ್ಲವರು ಸಮೀಪದಲ್ಲಿದ್ದಾರೆಯೇ ಎಂಬುದನ್ನು ಮೊದಲೇ ವಿಚಾರಿಸುವುದು ಕ್ಷೇಮ.

ಕಾಡತೂಸಿನ ಆಯ್ಕೆ

ಅತಿವೇಗದ ಕಾಡತೂಸಿನಿಂದ ಗುರಿ ಸುಧಾರಿಸುತ್ತದೆಂಬುದು ತಪ್ಪು ತಿಳಿವಳಿಕೆ. ಶಬ್ದದ ವೇಗಕ್ಕಿಂತ ಕಡಿಮೆ ವೇಗದ, 'ಸ್ಟ್ಯಾಂಡರ್ಡ್' ದರ್ಜೆಯ ಕಾಡತೂಸೇ ಗುರಿ ಪಿಸ್ತೂಲಿಗೆ ಹಿತ. ಒಂದೇ ಬ್ರ್ಯಾಂಡು ಒಂದು ಪಿಸ್ತೂಲಿನಲ್ಲಿ ಸೊಗಸಾಗಿ ಕೆಲಸ ಮಾಡಿ ಮತ್ತೊಂದರಲ್ಲಿ ತೊಡಕು ಉಂಟುಮಾಡಬಹುದು. ಆದ್ದರಿಂದ ಎರಡು ಮೂರು ಬಗೆಯನ್ನು ಸ್ವಲ್ಪ ಸ್ವಲ್ಪ ತಂದು ಪರೀಕ್ಷಿಸಿ, ಒಗ್ಗಿದ್ದನ್ನು ಹೆಚ್ಚು ಕೊಳ್ಳಬೇಕು. ಅಂಚಿನಲ್ಲಿ ಮದ್ದು ಸಮನಾಗಿ ಹರಡದಿದ್ದರೆ ಗುಂಡು ಸಿಡಿಯದಿರುವುದುಂಟು. ಆಗ ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾದು ನಂತರ ತೆರೆಯಬೇಕು. ಮದ್ದು ತಡವಾಗಿ ಹೊತ್ತಿಕೊಳ್ಳುವ ಸಂಭವವಿರುತ್ತದೆ. ಗುಂಡಿನಲ್ಲಿ ಸೀಸವಿರುವ ಕಾರಣ ಅಭ್ಯಾಸ ಮುಗಿದೊಡನೆ ಕೈ ತೊಳೆಯದೆ ಏನನ್ನೂ ತಿನ್ನಬಾರದು.

ಪರವಾನಗಿಯ ವಿಚಾರ

1959ರ ಆಯುಧ ಕಾಯ್ದೆಯಂತೆ .22 ಪಿಸ್ತೂಲಿಗೆ ಪರವಾನಗಿ ಕಡ್ಡಾಯ. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಜಿಲ್ಲೆಗಳಲ್ಲಿ ಜಿಲ್ಲಾ ದಂಡಾಧಿಕಾರಿ, ಬೆಂಗಳೂರಿನಲ್ಲಿ ನಗರ ಪೊಲೀಸ್ ಆಯುಕ್ತರು ಪರವಾನಗಿ ನೀಡುತ್ತಾರೆ. 2019ರ ತಿದ್ದುಪಡಿಯಿಂದ ಅದರ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ. ಅದೇ ತಿದ್ದುಪಡಿ ಒಬ್ಬ ವ್ಯಕ್ತಿ ಹೊಂದಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಮಾನ್ಯತೆ ಪಡೆದ ಗುರಿಕಾರರಿಗೆ ಪ್ರತ್ಯೇಕ ವಿನಾಯಿತಿಗಳಿವೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿ ರೈಫಲ್ ಮತ್ತು ಸಾದಾ ನಳಿಗೆಯ ಕೋವಿಗೆ ಸಂಬಂಧಿಸಿದ್ದೇ ಹೊರತು ಪಿಸ್ತೂಲಿಗಲ್ಲ ಎಂಬುದನ್ನು ಕೊಡಗಿನ ಓದುಗರು ಗಮನಿಸಬೇಕು.

ಪರವಾನಗಿ ಬರುವವರೆಗೆ ಸುಮ್ಮನಿರಬೇಕಾಗಿಲ್ಲ. 4.5 ಮಿಲಿಮೀಟರಿನ, 20 ಜೂಲ್‌ಗಿಂತ ಕಡಿಮೆ ಶಕ್ತಿಯ ಏರ್ ಪಿಸ್ತೂಲಿಗೆ ಪರವಾನಗಿ ಬೇಕಿಲ್ಲ. ನಿಲುವು, ಉಸಿರಾಟ, ಟ್ರಿಗರ್ ಎಳೆತ ಎಲ್ಲವನ್ನೂ 10 ಮೀಟರಿನಲ್ಲಿಯೇ ಕಲಿಯಬಹುದು. ಕೆಲವು ಶೂಟಿಂಗ್ ಕ್ಲಬ್ಬುಗಳು ತಮ್ಮ ಪರವಾನಗಿಯಲ್ಲಿ .22 ಪಿಸ್ತೂಲುಗಳನ್ನು ಇರಿಸಿಕೊಂಡು ಸದಸ್ಯರಿಗೆ ತರಬೇತುದಾರರ ಸಮ್ಮುಖದಲ್ಲಿ ಅಭ್ಯಾಸಕ್ಕೆ ಕೊಡುತ್ತವೆ. ಆರು ತಿಂಗಳು ಹೀಗೆ ಎರಡು ಮೂರು ಮಾದರಿಗಳನ್ನು ಹಿಡಿದು ನೋಡಿದವರಿಗೆ ಯಾವುದು ಬೇಕೆಂಬುದು ತಾನಾಗಿ ತಿಳಿಯುತ್ತದೆ.

ಮನೆಯಲ್ಲಿ ಪಿಸ್ತೂಲು ಬೀಗ ಹಾಕಿದ ಉಕ್ಕಿನ ಪೆಟ್ಟಿಗೆಯಲ್ಲಿರಬೇಕು. ಕಾಡತೂಸುಗಳು ಬೇರೆ ಕಡೆ, ಬೇರೆ ಬೀಗದಲ್ಲಿರಬೇಕು. ಮಕ್ಕಳಿರುವ ಮನೆಯಲ್ಲಿ ಬೀಗದಕೈ ಸಿಗುವ ಜಾಗವೂ ಮಕ್ಕಳಿಗೆ ತಿಳಿದಿರಬಾರದು. ಇದಕ್ಕೆ ತಕ್ಕ ಏರ್ಪಾಡು ಮಾಡಲಾಗದವರು ಕ್ಲಬ್ಬಿನ ಪಿಸ್ತೂಲಿನಲ್ಲಿಯೇ ಅಭ್ಯಾಸ ಮುಂದುವರಿಸುವುದು ಒಳ್ಳೆಯದು.