ನಾಡಹಾಡಿನ ಕರ್ತೃವೂ ಅವನ ಕಾಲನಿರ್ಣಯವೂ

ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಪ್ರಥಮ ಸಂಪುಟವು ೧೯೦೭ರಲ್ಲಿ ಹೊರಬಿದ್ದಂದಿನಿಂದ ಕವಿಗಳ ಜೀವಿತವನ್ನು ನಿರ್ಣಯಿಸುವ ಒಂದು ಕ್ರಮವು ನಮ್ಮ ವಿದ್ವಾಂಸರಿಗೆ ಕೈವಶವಾಗಿದೆ. ಕವಿಯು ಹೆಸರಿಸಿದ ಗುರು, ಆಶ್ರಯದಾತ, ಪೂರ್ವಕವಿಗಳಿಂದಲೂ ಅವನನ್ನು ಸ್ಮರಿಸಿದ ಉತ್ತರಕವಿಗಳಿಂದಲೂ ಕಾಲದ ಮೇರೆಗಳನ್ನು ಗೊತ್ತುಮಾಡುವುದು ರೂಢಿ. ಆದರೆ ರಾಜಾಶ್ರಯವಿಲ್ಲದೆ, ಓಲೆಗರಿಯ ಗೊಡವೆಯೂ ಇಲ್ಲದೆ, ಜಾತ್ರೆಯ ಬಯಲಿನಲ್ಲಿ ಡಪ್ಪು ಬಡಿದು ಹಾಡಿದವನ ವಿಷಯದಲ್ಲಿ ಈ ಕ್ರಮವು ಎಷ್ಟರಮಟ್ಟಿಗೆ ನಡೆದೀತು? ಬಾಗಲಕೋಟೆಯ ಸೀಮೆಯು ಈ ಪ್ರಶ್ನೆಯ ವಿಚಾರಕ್ಕೆ ತಕ್ಕ ನೆಲವಾಗಿದೆ.

ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನವನ್ನು ಸುಮಾರು ಕ್ರಿ.ಶ. ೭೦೦ರದೆಂದು ಎಣಿಸುವರು. ಅದರಲ್ಲಿ ಸಂಸ್ಕೃತ ಶ್ಲೋಕವೊಂದರೊಡನೆ ಮೂರು ಕನ್ನಡ ತ್ರಿಪದಿಗಳಿವೆ. ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡಿಕೊಂಡು ಬಂದ ಛಂದಸ್ಸೂ ಇದೇ. ಶಾಸನದಲ್ಲಿ ವೀರನ ಹೆಸರುಂಟು, ಅವನ ಗುಣಗಳುಂಟು. ಪದ್ಯವನ್ನು ಕಟ್ಟಿದವನ ಹೆಸರು ಮಾತ್ರ ಇಲ್ಲ.

ಇದಕ್ಕೆ ಪ್ರತಿಯಾಗಿ ಇಳಕಲ್ಲಿನ ಸಮೀಪದ ಕಂದಗಲ್ಲಿನ ಹನುಮಂತರಾಯರನ್ನು ನೋಡಬಹುದು. ಅವರು ೧೮೯೬ರಲ್ಲಿ ಜನಿಸಿ ೧೯೬೬ರಲ್ಲಿ ನಿಧನರಾದರು. ‘ರಕ್ತರಾತ್ರಿ’, ‘ಅಕ್ಷಯಾಂಬರ’ ಮೊದಲಾದ ಅವರ ನಾಟಕಗಳು ವೃತ್ತಿರಂಗಭೂಮಿಯಲ್ಲಿ ಖ್ಯಾತವಾದುವು. ವಿಜಯಪುರದ ರಂಗಮಂದಿರವು ಅವರ ಹೆಸರನ್ನೇ ಹೊತ್ತಿದೆ. ಕಂಪನಿಯ ಕಾಲದ ಕವಿಗೆ ಜಾಹೀರಾತೂ ಮುದ್ರಣಾಲಯವೂ ಒದಗಿದ್ದುವು. ಲಾವಣಿಕಾರನಿಗೆ ಅವೆರಡೂ ಇರಲಿಲ್ಲ.

ಅವನಿಗಿದ್ದುದು ಅಂಕಿತವೊಂದೇ. ಹಲಗಲಿಯ ಬೇಡರ ಲಾವಣಿಯನ್ನು ಪರೀಕ್ಷಿಸಿದರೆ ಇದು ಸ್ಪಷ್ಟವಾಗುವುದು. ಮುಧೋಳ ತಾಲೂಕಿನ ಹಲಗಲಿಯ ಬೇಡರು ೧೮೫೭ರಲ್ಲಿ, ಆಯುಧಗಳನ್ನು ಒಪ್ಪಿಸಬೇಕೆಂಬ ಸರಕಾರದ ಆಜ್ಞೆಗೆ ಮಣಿಯದೆ ತಿರುಗಿಬಿದ್ದರು. ನವೆಂಬರ್ ಕೊನೆಗೆ ದಂಡು ಬಂದು ಊರನ್ನು ಸುಟ್ಟಿತು. ಡಿಸೆಂಬರ್ ತಿಂಗಳಲ್ಲಿ ೧೯ ಮಂದಿಯನ್ನು ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಲಾಯಿತು. ಈ ಲಾವಣಿಯನ್ನು ಜೆ. ಎಫ್. ಫ್ಲೀಟರು ೧೯ನೆಯ ಶತಮಾನದ ಕೊನೆಯ ಭಾಗದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಇಂಗ್ಲಿಷ್ ಅನುವಾದದೊಡನೆ ಅಚ್ಚುಹಾಕಿಸಿದರು. ಬಾದಾಮಿಯ ಶಾಸನವನ್ನು ವಿದ್ವಲ್ಲೋಕದ ಮುಂದಿಟ್ಟವರೂ ಇವರೇ ಎಂಬುದನ್ನು ಇಲ್ಲಿ ನೆನೆಯಬಹುದು.

ಹೀಗೆ ಕೃತಿಯ ಪೂರ್ವಮೇರೆ ೧೮೫೭; ಉತ್ತರಮೇರೆ ಫ್ಲೀಟರ ಮುದ್ರಣ. ಇವೆರಡರ ನಡುವಣ ಅವಧಿಯಲ್ಲಿ ರಚನೆಯನ್ನು ಮೊದಲ ಮೇರೆಯ ಹತ್ತಿರಕ್ಕೇ ಎಳೆಯಬೇಕೆಂದು ನಮ್ಮ ಮತ. ಹನುಮ, ಬಾಲ, ಜಡಗ, ರಾಮ ಎಂಬ ಮುಖಂಡರ ಹೆಸರುಗಳು ಹಾಡಿನಲ್ಲಿ ಅಚ್ಚಳಿಯದೆ ನಿಂತಿವೆ. ಹ್ಯಾವ್‌ಲಾಕನು ‘ಹೆಬಲಕ ಸಾಹೇಬ’ನಾಗಿದ್ದಾನೆ, ಕಾಗದದಲ್ಲಿ ಓದಿದವನು ಹೀಗೆ ಬರೆಯುವುದಿಲ್ಲ, ಕಿವಿಯಿಂದ ಕೇಳಿದವನು ಹೀಗೆ ಹಾಡುತ್ತಾನೆ. ಇವುಗಳಿಗಿಂತಲೂ ಬಲವತ್ತರವಾದ ಪ್ರಮಾಣವು ಸುಲಿಗೆಯ ಪ್ರಸಂಗದಲ್ಲಿದೆ. ದಂಡಿನವರು ದೋಚಿದುದನ್ನು ಎಣಿಸುವಾಗ ಕವಿಯು ಹೊನ್ನು ಹಣಗಳ ಮಾತಿಗೆ ನಿಲ್ಲದೆ ಅಡುಗೆಮನೆಯನ್ನು ಹೊಗುತ್ತಾನೆ: ಉಪ್ಪು, ಎಣ್ಣೆ, ಜೀರಿಗೆ, ಅರಿಸಿನ, ಬೆಲ್ಲ, ಹಾಲು, ಮೊಸರು, ಕೊಡಲಿಯೂ ಹೋಯಿತು, ಬೀಸುವ ಕಲ್ಲೂ ಹೋಯಿತು, ಮಂಗಳಸೂತ್ರವೂ ಹೋಯಿತು. ಸರಕಾರದ ದಾಖಲೆಯು ಸತ್ತವರನ್ನೂ ಸೆರೆಸಿಕ್ಕವರನ್ನೂ ಲೆಕ್ಕಹಾಕಿತೇ ಹೊರತು ಮೊಸರಿನ ಗಡಿಗೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಕಳೆದುಕೊಂಡವರ ಬಾಯಿಂದ ಕೇಳಿದವನಿಗಲ್ಲದೆ ಇಂತಹ ಪಟ್ಟಿಯು ದೊರೆಯುವುದು ದುಸ್ಸಾಧ್ಯ. ಮೂವತ್ತು ವರ್ಷಗಳ ತರುವಾಯ ಗಲ್ಲಿನ ನೆನಪು ಉಳಿದೀತು. ಜೀರಿಗೆಯ ನೆನಪು ಉಳಿಯಲಾರದು.

ಇನ್ನು ಕರ್ತೃವಿನ ಊರು. ಲಾವಣಿಯ ಕೊನೆಯಲ್ಲಿ ಬರುವ ಅಂಕಿತವು ಕುರ್ತಕೋಟಿಯ ಕಲ್ಮೇಶನದು. ಇಲ್ಲಿ ಕಲ್ಮೇಶನೆಂಬುದನ್ನು ಕವಿಯ ಹೆಸರೆಂದು ಹಿಡಿಯಲಾಗದು. ಊರ ದೇವರ ದಯೆಯಿಂದ ಹಾಡಿದೆನೆಂಬ ಲಾವಣಿಕಾರರ ವಾಡಿಕೆಯ ಮುದ್ರೆ ಇದು. ವಚನಕಾರರ ಅಂಕಿತದಲ್ಲಿಯೂ ಇಷ್ಟದೈವವೇ ಇದ್ದರೂ ಅವರ ಹೆಸರುಗಳನ್ನು ಸಂಪ್ರದಾಯವು ಬೇರೆಯಾಗಿ ಕಾಪಾಡಿತು. ಲಾವಣಿಕಾರನಿಗೆ ಅಂತಹ ಸಂಪ್ರದಾಯದ ನೆರವು ಒದಗಲಿಲ್ಲ. ಕುರ್ತಕೋಟಿಯು ಗದಗಿನ ಬಳಿಯ ಗ್ರಾಮ. ಆದುದರಿಂದ ಹಲಗಲಿಯ ಸಂಗತಿಯನ್ನು ಹಾಡಿದವನು ಹಲಗಲಿಯವನಲ್ಲ, ಮುಧೋಳ ಸಂಸ್ಥಾನದ ಪ್ರಜೆಯೂ ಅಲ್ಲ, ಮಲಪ್ರಭೆಯ ದಕ್ಷಿಣದವನು. ಸುಟ್ಟ ಊರಿನ ಸುದ್ದಿಯು ಹೊಳೆ ದಾಟಿ ಅವನ ಡಪ್ಪಿಗೆ ಬರುವಷ್ಟರಲ್ಲಿ ಜೀರಿಗೆ, ಅರಿಸಿನಗಳೂ ಅದರೊಡನೆಯೇ ಬಂದಿದ್ದುವು.